ಮೈಬೂಬ ತಾನಾಗಿ ಇಳಿಯಲಿಲ್ಲ

ರಜಿಯಾ ಭಾಬಿ, ನಿಮ್ಮ ಗಂಡ ಮೈಬೂಬ ಆ ಗುಂಡಿಗೆ ತಾನಾಗಿ ಇಳಿಯಲಿಲ್ಲ. ನಾನು ಇಳಿಸಿದೆ.

ಇಷ್ಟು ಹೇಳುವುದನ್ನು ಬಿಟ್ಟು ನಾನು ಹಾಡು ಬರೆದೆ, ಕಾದಂಬರಿ ಬರೆದೆ, ತಲೆ ಬೆಳ್ಳಗಾಗುವವರೆಗೆ ಸುಮ್ಮನಿದ್ದೆ.

ಸಂಜೆ ನಾನು ಹಾಡು ಕಟ್ಟಿದರೆ ಅವನು ಹಾರ್ಮೋನಿಯಂ ಹಿಡಿಯುತ್ತಿದ್ದ. ಹಗಲು ಮಾತ್ರ ನಾನು ಉತ್ಖನನದ ಮುಖ್ಯಸ್ಥ, ಅವನು ದಿನಗೂಲಿಯ ಮೇಲೆ ಫೋಟೊ ತೆಗೆಯುವವನು. ಆ ವರ್ಷ ಜೇವರ್ಗಿ ಕಡೆ, ಇಜೇರಿಯ ಆಚೆಗಿನ ಹಳೆಯ ದಿಬ್ಬವೊಂದನ್ನು ಅಗೆಯುತ್ತಿದ್ದೆವು. ಎರೆಭೂಮಿ. ಹಿಂದಿನ ದಿನ ಮಳೆ ಬಿದ್ದು ಗುಂಡಿಯ ಗೋಡೆಗಳು ನೆನೆದಿದ್ದವು. ತಳದಲ್ಲಿ ಸುಟ್ಟ ಮಣ್ಣಿನ ಹೆಣ್ಣುಗೊಂಬೆಯೊಂದು ಅರ್ಧ ಕಾಣುತ್ತಿತ್ತು. ಮರುದಿನ ಮೇಲಧಿಕಾರಿಗಳು ಬರುವವರಿದ್ದರು. ಅವರಿಗಿಂತ ಮೊದಲು ಅದರ ಫೋಟೊ ನನ್ನ ಕೈಯಲ್ಲಿರಬೇಕಿತ್ತು. ಮೊದಲು ಕಂಡವನು ನಾನು ಅನ್ನಿಸಿಕೊಳ್ಳಬೇಕಿತ್ತು — ಅಷ್ಟೆ ಭಾಬಿ, ಅಷ್ಟಕ್ಕೇ.

"ಗ್ವಾಡಿ ಹಸಿ ಅದ ಲೇ," ಅಂದ ಮೈಬೂಬ. "ನಾಳಿ ಇಳಿತೇನಿ. ಮನ್ಯಾಗ ಸಣ್ಣ ಕೂಸು ಅದ."

ಕೆಲಸದವರು ಬುತ್ತಿ ಬಿಚ್ಚಲು ಬೇವಿನ ಮರದ ಕಡೆ ಹೋಗಿದ್ದರು. ಹಾಗಾಗಿ ನಾನು ಅಂದದ್ದು ಅವನಿಗೊಬ್ಬನಿಗೇ ಕೇಳಿಸಿತು:

"ಅಂಜಿಕಿ ಬರ್ತದಂದ್ರ ಮನಿಗೇ ಹೋಗು. ನಾಳಿಂದ ಬರಬ್ಯಾಡ."

ಅವನು ನನ್ನ ಮುಖವನ್ನೊಮ್ಮೆ ನೋಡಿ, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಏಣಿ ಇಳಿದ. ಗೋಡೆ ಕುಸಿದಾಗ ಸದ್ದಾಗಲಿಲ್ಲ — ಏನೋ ಉಸಿರು ಬಿಟ್ಟಂತೆ. ಬರಿಗೈಯಲ್ಲಿ ಬಗೆದೆ, ಕೂಗಿದೆ, ಎಲ್ಲರೂ ಓಡಿ ಬಂದರು. ಹೊರಗೆಳೆದಾಗ ಅವನ ಬಾಯಿ ತುಂಬ ಮಣ್ಣಿತ್ತು.

ಪೊಲೀಸರು ಕೇಳುವ ಮೊದಲೇ ನನ್ನ ನಾಲಿಗೆ ಹೇಳಿಬಿಟ್ಟಿತು: ಬೇಡವೆಂದೆ, ಕೇಳಲಿಲ್ಲ. ಅದನ್ನೇ ಆಳಂದದಲ್ಲಿ ನಿಮ್ಮ ಹೊಸ್ತಿಲಲ್ಲಿ ನಿಂತು ಹೇಳಿದೆ. ಕೂಸು ನಾಜನೀನ್ ನಿಮ್ಮ ಮಡಿಲಲ್ಲಿದ್ದಳು. ನೀವು ಅಳಲಿಲ್ಲ. "ಮನಿ ನೆನಪ ಬರಲಿಲ್ಲೇನ್ರಿ ಅವರಿಗೆ?" ಎಂದಷ್ಟೇ ಕೇಳಿದಿರಿ. ಆಗ — ಆಗಲಾದರೂ —

ಹೇಳಲಿಲ್ಲ. ಹಟ ಹಿಡಿದು ಇಳಿದ ಗೆಳೆಯನ ಮೇಲೆ ಹಾಡು ಬರೆದೆ. ಆಳಂದ, ಅಫಜಲಪುರದ ಓಣಿ ಓಣಿಗಳಲ್ಲಿ ಜನ ಅದನ್ನು ಹಾಡಿ ಅತ್ತರು. ಮಗಳು ಅಪ್ಪನ ಬಗ್ಗೆ ಕೇಳಿದಾಗಲೆಲ್ಲ ಅವರು ಹಟಮಾರಿ ಎಂದು ಹೇಳಿ ನೀವು ಮಾತು ಮುಗಿಸುತ್ತಿದ್ದಿರಂತೆ. ಆ ಮಾತನ್ನು ನಿಮ್ಮ ಬಾಯಿಗೆ ಕೊಟ್ಟವನು ನಾನು.

ನಿವೃತ್ತನಾದ ಮೇಲೆ ಕಾದಂಬರಿಗೆ ಕೂತದ್ದು ನಿಜ ಹೇಳಲಿಕ್ಕೇ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಆ ಅಧ್ಯಾಯಕ್ಕೆ ಬಂದಾಗ ನನ್ನ ನಾಯಕ ಇಳಿಯಬೇಡವೆಂದು ಗೆಳೆಯನ ಕೈ ಹಿಡಿದು ಬೇಡಿಕೊಂಡ; ಗೆಳೆಯ ಹೆಂಡತಿ ಮಗಳ ಹೆಸರು ಹೇಳುತ್ತಲೇ ಇಳಿದ. ಓದಿದವರೆಲ್ಲ ಅದನ್ನೇ ಹೊಗಳಿದರು. ಮೊದಲ ಕಾದಂಬರಿಯಲ್ಲೇ ಇಂಥ ಸತ್ಯ ಎಂದರು.

ಕಳೆದ ತಿಂಗಳು ಅಫಜಲಪುರದಲ್ಲಿ ನನ್ನ ಸನ್ಮಾನದ ಸಭೆಗೆ ನೀವು ಬಂದಿರಿ. ನಾಜನೀನ್ ಪುಸ್ತಕವನ್ನು ನಿಮಗೆ ಓದಿ ಹೇಳಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಿರಿ.

"ಇಷ್ಟು ವರ್ಷ ಅವರ ಮ್ಯಾಲ ಸಿಟ್ಟಿತ್ತು ಭಾಯಿ. ನಿಮ್ಮ ಪುಸ್ತಕ ಕೇಳಿದ ಮ್ಯಾಲ ಮಾಫ್ ಮಾಡೇನಿ."

ಭಾಬಿ, ಮಾಡದ ತಪ್ಪಿಗೆ ಅವನಿಗೆ ಮಾಫಿ ಸಿಕ್ಕಿತು. ನಾನು ನಕ್ಕೆ. ಶಾಲು ಹೊದ್ದುಕೊಂಡು ನಕ್ಕೆ. ಅಂದಿನಿಂದ ಯಾರಾದರೂ ಆ ಹಾಡು ಗುನುಗಿದರೆ ಎದ್ದು ಹೊರಗೆ ಹೋಗುತ್ತೇನೆ.

ಪುಸ್ತಕವನ್ನು ಮತ್ತೆ ಅಚ್ಚು ಮಾಡಬೇಡಿರೆಂದು ಪ್ರಕಾಶಕರಿಗೆ ಹೇಳಿದ್ದೇನೆ. ಪತ್ರಿಕೆಗೆಂದು ಬರೆದ ಈ ಬರಹವನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಇದು ನಿಮಗೆ ಮೊದಲು ಪತ್ರಿಕೆಯಿಂದ ತಿಳಿಯುವಂತಾಗಬಾರದು. ನಾಳೆ ಬೆಳಗಿನ ಬಸ್ಸಿಗೆ ಆಳಂದಕ್ಕೆ ಬರುತ್ತೇನೆ. ನಾಜನೀನ್ ಎದುರಿಗೇ ಹೇಳುತ್ತೇನೆ. ಬಾಗಿಲು ಮುಚ್ಚಿದರೆ ಹೊರಗೆ ನಿಂತೇ ಹೇಳುತ್ತೇನೆ — ಓಣಿಯವರೆಲ್ಲ ಕೇಳಲಿ.