ಬೆಲ್ಲ ತಿಂದ ಬಾಯಿ

ತಾನು ನೋಡಿದ್ದು ಸುಳ್ಳಿರಬಹುದೇ? ಬೆಳಕು ಇನ್ನೂ ಸರಿಯಾಗಿ ಹರಿದಿರಲಿಲ್ಲ. ಹೆಬ್ಬೆರಳಿಗೆ ತಾಗಿದ್ದು ಹಲ್ಲಿನ ತುದಿಯೋ, ಒಸಡಿಗೆ ಸಿಕ್ಕಿಕೊಂಡ ಕಡಲೆಯ ಸಿಪ್ಪೆಯೋ? ಇನ್ನೊಮ್ಮೆ ತೆರೆದು ನೋಡಿದರೆ ಗೊತ್ತಾಗುತ್ತದೆ. ಆದರೆ ಒಮ್ಮೆ ತೆರೆದದ್ದೇ ತಪ್ಪು. ನೋಡದೇ ಇದ್ದಿದ್ದರೆ ಈ ದಿನವೂ ನಿನ್ನೆಯ ಹಾಗೆ ಹೋಗಿಬಿಡುತ್ತಿತ್ತಲ್ಲ?

ಭಾದ್ರಪದದ ಒಂದು ಬೆಳಗು, ಐದೂವರೆ ಗಂಟೆ. ನಾಲತವಾಡದ ಹೊರಗೆ ಕಪ್ಪು ಮಣ್ಣಿನ ಹೊಲದಲ್ಲಿ ನಡೆಯುತ್ತಿರುವ ದಸ್ತಗೀರಸಾಬರ ತಲೆಯಲ್ಲಿ ಇದೊಂದೇ ತಿರುಗುತ್ತಿದೆ. ಅವರ ಕೈಯಲ್ಲಿ ಎರಡು ಉದ್ದನೆಯ ಹಗ್ಗ. ಹಗ್ಗದ ತುದಿಯಲ್ಲಿ, ಮೂರು ಮಾರು ಮುಂದೆ, ಚಿಗರಿ ಎಂಬ ಹೆಣ್ಣು ಕುದುರೆ ಮರಿ. ಕಂದು ಮೈ, ಕಪ್ಪು ಬಾಲ, ಹಣೆಯ ಮೇಲೆ ಹೆಸರುಕಾಳಿನಷ್ಟು ಬಿಳಿ ಚುಕ್ಕೆ. ಅದು ಹಿಂದೆ ಒಂದು ಹಳೆಯ ಟೈರನ್ನು ಎಳೆಯುತ್ತಿದೆ. ಮೆತ್ತನೆಯ ಮಣ್ಣಿನಲ್ಲಿ ಟೈರು ಎಳೆದು ರೂಢಿಯಾದ ಕುದುರೆಗೆ ಮುಂದೆ ಗಾಡಿ ಭಾರವೆನಿಸುವುದಿಲ್ಲ. ಹೊಲದ ಕೊನೆಗೆ ಬಂದಾಗ ಅವರು ನಾಲಿಗೆಯಿಂದ ಒಂದು ಸಣ್ಣ ಸದ್ದು ಮಾಡುತ್ತಾರೆ. ಚಿಗರಿ ಎಡಕ್ಕೆ ಹೊರಳುತ್ತದೆ. ಚಾಟಿ ಎಲ್ಲೂ ಕಾಣುವುದಿಲ್ಲ.

ಈ ಸೀಮೆಯಲ್ಲಿ ಕುದುರೆ ಗಾಡಿಯ ಶರ್ಯತ್ತು ನೋಡದವರು ಕಡಿಮೆ. ಗೆದ್ದ ಕುದುರೆಯ ಫೋಟೊ ಬ್ಯಾನರಿನ ಮೇಲೆ ಬರುತ್ತದೆ, ಮಾಲೀಕರ ಫೋಟೊ ಅದಕ್ಕಿಂತ ದೊಡ್ಡದಾಗಿ ಬರುತ್ತದೆ. ಗಾಡಿ ಹೊಡೆದವನಿಗೆ ಜನ ರುಮಾಲು ಸುತ್ತಿ ಹೆಗಲ ಮೇಲೆ ಹೊರುತ್ತಾರೆ. ಆ ಕುದುರೆಗೆ ಮೊಟ್ಟಮೊದಲು ಲಗಾಮು ಕಚ್ಚಲು ಕಲಿಸಿದವನು ಆ ಹೊತ್ತಿಗೆ ಇನ್ನೊಂದು ಮರಿಯ ಹಿಂದೆ ಯಾವುದೋ ಹೊಲದಲ್ಲಿ ನಡೆಯುತ್ತಿರುತ್ತಾನೆ. ಅರವತ್ತೆರಡು ವರ್ಷದ ದಸ್ತಗೀರಸಾಬ ನಲವತ್ತೊಂದು ವರ್ಷಗಳಿಂದ ಹೀಗೆ ನಡೆಯುತ್ತಿದ್ದಾರೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಕಡೆಯ ಮರಿಗಳು ಅವರ ಕೈಗೆ ಬಂದು ಹೋಗಿವೆ. ಇಲ್ಲಿಯವರೆಗೆ ಅರವತ್ತೇಳು. ಗೆದ್ದವು ಎಷ್ಟು ಎಂದರೆ ಗೊತ್ತಿಲ್ಲ ಎನ್ನುತ್ತಾರೆ. ಕುಂಟಾದದ್ದು ಎಷ್ಟು ಎಂದರೆ ಕೂಡಲೇ ಹೇಳುತ್ತಾರೆ: ಒಂದು.

ಅವರ ತಂದೆ ಮುದ್ದೇಬಿಹಾಳದ ಬಸ್ ನಿಲ್ದಾಣದೆದುರು ಟಾಂಗಾ ಹೊಡೆಯುತ್ತಿದ್ದರು. ಆಟೊಗಳು ಬಂದವು, ಟಾಂಗಾಗಳು ಒಂದೊಂದಾಗಿ ಹಿತ್ತಲು ಸೇರಿದವು. ಕುದುರೆಯೊಂದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಮಗ, ಶರ್ಯತ್ತಿನ ಹುಚ್ಚಿದ್ದ ಗೌಡರೊಬ್ಬರ ಮರಿಯನ್ನು ಪಳಗಿಸಲು ಹೋದವನು ಅಲ್ಲೇ ನಿಂತ. "ಸಾಲಿಗೆ ಹೋಗಿದ್ರ ಮಾಸ್ತರ ಆಗ್ತಿದ್ದೆ ಅಂತಾರ ಮಂದಿ. ಈಗೂ ಮಾಸ್ತರನs ಅದೀನ್ರಿ. ನನ್ನ ಹುಡುಗೂರು ಒದೀತಾವ, ಅಷ್ಟs ಫರಕ," ಎಂದು ನಗುತ್ತಾರೆ. ನಗು ಬಹಳ ಹೊತ್ತು ನಿಲ್ಲುವುದಿಲ್ಲ.

ದಿನ ಶುರುವಾಗುವುದು ನಾಲ್ಕು ಗಂಟೆಗೆ. ನೆನೆಸಿದ ಕಡಲೆ ಪ್ರತಿ ಕುದುರೆಗೆ ಎರಡು ಕಿಲೊ, ಆಮೇಲೆ ಹುಲ್ಲು, ಆಮೇಲೆ ಅರ್ಧ ತಾಸು ಮೈ ತಿಕ್ಕುವುದು. ಬಿಸಿಲೇರುವ ಮೊದಲು ಒಂದೊಂದನ್ನೂ ಐದು ಕಿಲೊಮೀಟರು ನಡೆಸಬೇಕು. ಮೊದಲ ಮೂರು ತಿಂಗಳು ಬರೀ ನಡಿಗೆ. ಓಟ ಕುದುರೆಗೆ ಹುಟ್ಟಿನಿಂದ ಬರುತ್ತದೆ, ನಡಿಗೆಯನ್ನು ಕಲಿಸಬೇಕು ಎಂಬುದು ಅವರ ನಂಬಿಕೆ. ಸದ್ದಿನ ಪಾಠ ಮಾತ್ರ ಹೆಂಡತಿ ಬುಶ್ರಾ ಅವರದು. ಶರ್ಯತ್ತಿನ ದಿನ ಗಾಡಿಯ ಅಕ್ಕಪಕ್ಕ ಮೋಟರ್‌ಸೈಕಲ್ಲುಗಳು ಹಾರ್ನ್ ಹೊಡೆಯುತ್ತ ಓಡುತ್ತವೆ, ಜನ ಕಿರುಚುತ್ತಾರೆ. ಮರಿ ಹೆದರಬಾರದು. ಅದಕ್ಕೆ ಕಡಲೆ ಹಾಕುವ ಹೊತ್ತಿಗೆ ಬುಶ್ರಾ ಖಾಲಿ ಎಣ್ಣೆ ಡಬ್ಬಿಯನ್ನು ಕಟ್ಟಿಗೆಯಿಂದ ಬಾರಿಸುತ್ತಾರೆ. ವಾರದೊಳಗೆ ಸದ್ದು ಕೇಳಿದರೆ ಮರಿ ಹಸಿವಾದಂತೆ ಕಿವಿ ನಿಮಿರಿಸುತ್ತದೆ. "ಕುದುರಿ ಕಿವಿಯಾಗ ದಿನಾ ಏನೇನೋ ಹೇಳ್ತಾರ್ರಿ ಇವ್ರು. ನನ್ನ ಕಿವಿಗೆ ಡಬ್ಬಿ ಸಪ್ಪಳ ಅಷ್ಟs ಬಂದಿದ್ದು," ಎನ್ನುತ್ತಾರೆ ಆಕೆ.

ಆ ಬೆಳಗು ದಸ್ತಗೀರಸಾಬ ಮರಿಯ ಬಾಯಿ ತೆರೆಯಲು ಕಾರಣ ಹುಲ್ಲು. ನಾಲ್ಕು ದಿನದಿಂದ ಚಿಗರಿ ಹುಲ್ಲನ್ನು ಮುಂದಿನ ಹಲ್ಲಿನಿಂದ ಕಡಿಯದೆ, ತಲೆ ಓರೆ ಮಾಡಿ ಪಕ್ಕದಿಂದ ಹರಿಯುತ್ತಿತ್ತು. ಬೇರೆ ಯಾರಾದರೂ ಗಮನಿಸುತ್ತಿರಲಿಲ್ಲ. ಗಮನಿಸಿದ್ದರೂ ತೆರೆದು ನೋಡುತ್ತಿರಲಿಲ್ಲ. ಇಲ್ಲಿ ಕುದುರೆಯ ವಯಸ್ಸನ್ನು ಹಲ್ಲು ನೋಡಿ ಹೇಳುತ್ತಾರೆ, ಅದೂ ಒಂದೇ ಸಲ, ಕೊಳ್ಳುವ ಹೊತ್ತಿಗೆ ದನದ ಪೇಟೆಯಲ್ಲಿ. ಮನೆಗೆ ತಂದ ಮೇಲೆ ಮನೆಯ ಹಿರಿಯ ಹೆಣ್ಣುಮಗಳು ಗೊರಸಿಗೆ ನೀರು ಹಾಕಿ, ಕಾಯಿ ಒಡೆದು, ಅಂಗೈಯಲ್ಲಿ ಬೆಲ್ಲ ಹಿಡಿದು ತಿನ್ನಿಸುತ್ತಾಳೆ. ಬೆಲ್ಲ ತಿಂದ ಬಾಯಿಯ ಹಲ್ಲನ್ನು ಆಮೇಲೆ ಯಾರೂ ಎಣಿಸುವುದಿಲ್ಲ. ಎಣಿಸಿದರೆ ಮನೆಗೆ ಬಂದ ಮಗಳ ಗುಣ ಪರೀಕ್ಷೆ ಮಾಡಿದಂತೆ ಎಂಬ ಭಾವನೆ. ಹಾಗಾಗಿ ಪೇಟೆಯಲ್ಲಿ ಹೇಳಿದ ವಯಸ್ಸೇ ಕುದುರೆ ಸಾಯುವವರೆಗೆ ಅದರ ವಯಸ್ಸು.

ಚಿಗರಿಯ ವಯಸ್ಸು ಹೇಳಿದವರು ದಸ್ತಗೀರಸಾಬರೇ. ಕಳೆದ ಪುಷ್ಯದ ಬನದ ಹುಣ್ಣಿಮೆಯ ಸುಮಾರಿಗೆ, ಮಾಲೀಕ ಸಿದ್ದಾರೂಢ ಇವರನ್ನು ಗಡಿಯಾಚೆಯ ದನದ ಪೇಟೆಗೆ ಕಳಿಸಿದ್ದರು. ನಾಲತವಾಡದಲ್ಲಿ ಕಾಳಿನ ವ್ಯಾಪಾರ ಮಾಡುವ ಸಿದ್ದಾರೂಢರಿಗೆ ಇದು ಮೊದಲ ಕುದುರೆ. ತಾವೂ ಬರಲೆ ಎಂದು ಕೇಳಿ, ಕೊನೆಗೆ "ನೀವು ನೋಡಿದ್ರ ನಾ ನೋಡಿದಂಗs ಉಸ್ತಾದ್ರ" ಎಂದು ಒಬ್ಬರನ್ನೇ ಬಿಟ್ಟಿದ್ದರು. ಮರಿಯ ಬಾಯಲ್ಲಿ ನಡುವಿನ ಹಾಲುಹಲ್ಲು ಬಿದ್ದಿದ್ದವು, ಒಸಡು ಕೆಂಪಗಿತ್ತು. ನಡುವಿನವು ಬೀಳುವುದು ಎರಡೂವರೆ ವರ್ಷಕ್ಕೆ. ಹೊಸ ಹಲ್ಲು ಇನ್ನೇನು ಬರುತ್ತವೆ, ಎಂಟು ತಿಂಗಳು ನಡೆಸಿದರೆ ಮೂರು ದಾಟುತ್ತದೆ, ಹೊರ್ತಿಯ ಶರ್ಯತ್ತಿಗೆ ಕಟ್ಟಬಹುದು ಎಂದು ಅಂದಾಜು ಮಾಡಿ ಹಗ್ಗ ಹಿಡಿದು ತಂದರು.

ಎಂಟು ತಿಂಗಳಾಗಿದೆ. ಆ ಹಲ್ಲುಗಳು ಪೂರ್ತಿ ಎದ್ದು ನಿಲ್ಲಬೇಕಿತ್ತು. ಹೆಬ್ಬೆರಳಿಗೆ ಸಿಕ್ಕಿದ್ದು ಅಕ್ಕಿಕಾಳಿನಷ್ಟು ತುದಿ, ಅದೂ ಈಗಷ್ಟೇ ಒಸಡು ಒಡೆದದ್ದು. ಹಾಲುಹಲ್ಲು ತಾವಾಗಿ ಬಿದ್ದಿರಲಿಲ್ಲ. ವಯಸ್ಸು ಹೆಚ್ಚು ಕಾಣಲೆಂದು ಯಾರೋ ಇಕ್ಕಳ ಹಾಕಿ ಕಿತ್ತಿದ್ದರು. ಪೇಟೆಯಲ್ಲಿ ಮರಿಗೆ ಒಂದೂವರೆ ವರ್ಷವೂ ಆಗಿತ್ತೋ ಇಲ್ಲವೋ.

"ಹಲ್ಲು ಕಿತ್ತಿ ಮಾರೋ ಮಂದಿ ಅದಾರ ಅಂತ ನಮ್ಮಪ್ಪ ಹೇಳಿದ್ದ. ನಾನೂ ಹತ್ತು ಮಂದಿಗೆ ಹೇಳೇನಿ," ಎನ್ನುತ್ತಾರೆ ದಸ್ತಗೀರಸಾಬ. "ಮರಿ ಚಂದ ಇತ್ರಿ. ನಡಿಗಿ ನೋಡಿದೆ, ಬಾಯಿ ನೋಡೂದು ಸಣ್ಣದಾತು."

ಎರಡು ವರ್ಷದ ಮರಿಯ ಮೊಣಕಾಲಿನ ಎಲುಬು ಇನ್ನೂ ಕೂಡಿರುವುದಿಲ್ಲ. ಹೊಲದಲ್ಲಿ ನಡೆದರೆ ಚಿಂತೆಯಿಲ್ಲ. ಗಾಡಿ ಕಟ್ಟಿ ಡಾಂಬರಿನ ಮೇಲೆ ಓಡಿಸಿದರೆ ಕಾಲು ಹೋಗುತ್ತದೆ. ಅವರ ಲೆಕ್ಕದ ಆ ಒಂದು ಕುಂಟು ಕುದುರೆ ಇಂಡಿ ಕಡೆಯದು, ಮೂವತ್ತು ವರ್ಷದ ಹಿಂದಿನದು, ಅದೂ ಹೀಗೇ ಎಳೆಯದು. ಎಲುಬು ಮುರಿದಾಗ ಎಂಥ ಸದ್ದು ಬಂತು ಎಂದು ಕೇಳಿದರೆ ಅವರು ಕೈಯಲ್ಲಿದ್ದ ಹಗ್ಗವನ್ನು ಸುತ್ತತೊಡಗುತ್ತಾರೆ.

ಹೊರ್ತಿಯ ಶರ್ಯತ್ತಿಗೆ ಇನ್ನು ಇಪ್ಪತ್ತೆರಡು ದಿನ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಮರಿಯ ಕಾಲು ಹೋಗುತ್ತದೆ. ಹೇಳಿದರೆ ನಾಲ್ಕು ತಾಲೂಕಿನಲ್ಲಿ ದಸ್ತಗೀರಸಾಬ ಹಲ್ಲು ತಪ್ಪು ನೋಡಿದ ಎಂಬ ಮಾತು ಉಳಿಯುತ್ತದೆ. ಕುದುರೆ ಪಳಗಿಸುವವನಿಗೆ ಹೊಲವಿಲ್ಲ, ಅಂಗಡಿಯಿಲ್ಲ. ಇರುವುದು ಅವನು ಹೇಳಿದ ವಯಸ್ಸನ್ನು ಜನ ನಂಬುತ್ತಾರೆ ಎಂಬುದೊಂದೇ.

ಎಂಟು ಗಂಟೆಗೆ ಸಿದ್ದಾರೂಢ ಕಾರಿನಲ್ಲಿ ಬರುತ್ತಾರೆ. ಜೊತೆಗೆ ತಾಯಿ ಇಂದುಬಾಯಿ, ಅಂದು ಬೆಲ್ಲ ತಿನ್ನಿಸಿದಾಕೆ. ಸಿದ್ದಾರೂಢರ ಮೊಬೈಲಿನಲ್ಲಿ ಆಗಲೇ ಬ್ಯಾನರಿನ ನಮೂನೆ ಬಂದಿದೆ.

"ನೋಡ್ರಿ ಉಸ್ತಾದ್ರ, ಚಿಗರಿ ಹೆಂಗ ಕಾಣಾಕತ್ತೈತಿ. ಕೆಳಗ ನಿಮ್ಮ ಹೆಸರೂ ಹಾಕಸ್ಲೇನು?"

"ಬ್ಯಾಡ್ರಿ ಸಾವಕಾರ್ರ. ಬ್ಯಾನರs ಬ್ಯಾಡ್ರಿ."

"ಯಾಕ್ರಿ? ಫೋಟೊ ಚಂದ ಬಂದಿಲ್ಲೇನು?"

ದಸ್ತಗೀರಸಾಬ ಮರಿಯ ಬಳಿ ಹೋಗಿ ಎಡಗೈಯಿಂದ ಮೂಗು ಹಿಡಿದು, ಬಲಗೈ ಹೆಬ್ಬೆರಳನ್ನು ತುಟಿಯ ಮೂಲೆಗೆ ಒತ್ತುತ್ತಾರೆ. ಇಂದುಬಾಯಿ ಸೆರಗು ಬಾಯಿಗೆ ಒಯ್ಯುತ್ತಾರೆ. "ಅಯ್ಯ ಸಾಬ್ರ, ಬೆಲ್ಲ ತಿಂದ ಬಾಯಿ ಯಾಕ ತಗೀತೀರಿ? ನಾ ತಿನಿಸೇನಲ್ರೀ ಈ ಕೈಯಾಗ!"

"ಹೌದ್ರೆವ್ವಾ. ತಪ್ಪಾಗೇತಿ. ಇದೂ ತಪ್ಪು, ಅವತ್ತ ಪೇಟ್ಯಾಗ ನೋಡಿದ್ದೂ ತಪ್ಪು. ಮರಿಗೆ ಮೂರು ಆಗಿಲ್ಲ, ಈಗ ಎರಡು ದಾಟೇತಿ. ಹಾಲುಹಲ್ಲು ಕಿತ್ತಿ ಮಾರ್ಯಾರ. ನನಗ ತಿಳೀಲಿಲ್ಲ."

ಸಿದ್ದಾರೂಢರ ಮುಖ ಕೆಂಪಾಗುತ್ತದೆ. "ಊರ ತುಂಬ ಹೇಳೇನ್ರಿ ನಾನು! ಮುದ್ದೇಬಿಹಾಳ ಅಡತಿ ಅಂಗಡಿ ಮಂದಿಯೆಲ್ಲಾ ಜೀಪ್ ಮಾಡ್ಕೊಂಡು ಬರಾಕ ನಿಂತಾರ. ಒಂದs ಸಲ ಓಡಿಸೂಣ. ಸಾವಕಾಶ ಓಡಿಸೂಣ."

"ಕುದುರಿಗೆ ಸಾವಕಾಶ ಓಡು ಅಂತ ಹೇಳಾಕ ಬರೂದಿಲ್ರಿ. ಮಗ್ಗಲದಾಗ ಇನ್ನೊಂದು ಓಡಾಕತ್ತಿದ್ರ ಎದಿ ಒಡದ್ರೂ ಇದು ನಿಂದ್ರೂದಿಲ್ಲ."

ಚಿಗರಿ ತಲೆ ಕೊಡವಿ ಬುಶ್ರಾ ಇರುವ ಕಡೆ ನೋಡುತ್ತದೆ. ಕೊನೆಗೆ ಇಂದುಬಾಯಿಯೇ ಮಗನ ತೋಳು ಹಿಡಿದು ಹೇಳುತ್ತಾರೆ: "ಎರಡ ವರ್ಷದ್ದು ಅಂದ್ರ ಕೂಸs ಆತಲ್ಲೋ ಸಿದ್ದಾ. ಕೂಸಿಗೆ ನೊಗ ಹೂಡ್ತಾರೇನು? ಮಂದಿ ನಕ್ಕ್ರ ನಗ್ಲಿ, ನಿಂದ್ರಸು."

ಮರಿ ಶರ್ಯತ್ತಿಗೆ ಹೋಗದೆ ನಿಂತಿತು. ಸಿದ್ದಾರೂಢ ಬ್ಯಾನರು ಕೈಬಿಟ್ಟರು. ಯಾಕೆ ಎಂದು ಕೇಳಿದವರಿಗೆ ಇದ್ದದ್ದನ್ನೇ ಹೇಳಿದರು, ಅದರಲ್ಲಿ ಅವರ ತಪ್ಪೇನಿಲ್ಲ. ಸುದ್ದಿ ಅವರಿಗಿಂತ ಮೊದಲೇ ಊರೂರು ಮುಟ್ಟಿತ್ತು.

ಇದಾಗಿ ಎರಡು ತಿಂಗಳು. ದಸ್ತಗೀರಸಾಬರ ಅಂಗಳದಲ್ಲಿ ಆರು ಗೂಟಗಳಿವೆ. ಎರಡಕ್ಕೆ ಮಾತ್ರ ಕುದುರೆ ಕಟ್ಟಿದೆ. ಉಳಿದ ನಾಲ್ಕರ ಮಾಲೀಕರು ಬಿಚ್ಚಿಕೊಂಡು ಹೋದರು, ಜಗಳ ಮಾಡಿದವರು ಯಾರೂ ಇಲ್ಲ. ಸಿಂದಗಿಯ ಅನಿಲ ಫೋನಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದರಂತೆ: "ಈ ಸಲ ಮನ್ಯಾಗ ಹುಲ್ಲು ಭಾಳ ಆಗೇತ್ರಿ ಉಸ್ತಾದ್ರ, ಇಲ್ಲೇ ಕಟ್ಟಿಕೊಳ್ತೇವಿ." ಬಾಗೇವಾಡಿ ಕಡೆಯ ಇಬ್ಬರೂ, ಇಂಡಿಯ ಒಬ್ಬರೂ ಹೆಚ್ಚುಕಡಿಮೆ ಅದನ್ನೇ ಹೇಳಿದರು.

"ಒಮ್ಮಿಗೆಲೇ ಎಲ್ಲಾರ ಮನ್ಯಾಗೂ ಹುಲ್ಲು ಹುಟ್ಟೇತಿ ನೋಡ್ರಿ," ಎನ್ನುತ್ತಾರೆ ಬುಶ್ರಾ. ಡಬ್ಬಿ ಬಾರಿಸುವ ಕೆಲಸ ಈಗ ಬೇಗ ಮುಗಿಯುತ್ತದೆ. ಕುದುರೆ ಹೋದದ್ದಕ್ಕಿಂತ ಗಂಡ ನಾಲ್ಕು ಗಂಟೆಗೆ ಎದ್ದು ಖಾಲಿ ಗೂಟಗಳ ಸುತ್ತಲೂ ಕಸ ಗುಡಿಸುವುದು ಆಕೆಗೆ ಸಂಕಟ. "ಮಲಕೋರಿ ಅಂದ್ರ ಕೇಳೂದಿಲ್ಲ."

ಚಿಗರಿ ಇನ್ನೂ ಇಲ್ಲೇ ಇದೆ. ಲಾಳ ತೆಗೆಸಿದ್ದಾರೆ, ಟೈರು ಬಿಚ್ಚಿದ್ದಾರೆ. ಬೆಳಗ್ಗೆ ಬರಿಗೊರಸಿನಲ್ಲಿ ಹೊಲ ಸುತ್ತಿ ಬರುತ್ತದೆ. ನಡುವಿನ ಹಲ್ಲುಗಳು ಅರ್ಧ ಎದ್ದಿವೆ, ಹುಲ್ಲನ್ನು ನೇರವಾಗಿ ಕಡಿಯುತ್ತದೆ. ಇನ್ನೂ ಒಂದು ವರ್ಷ ಅದಕ್ಕೆ ಗಾಡಿ ಕಟ್ಟುವಂತಿಲ್ಲ. ಕಟ್ಟುವ ದಿನ ಅದರ ಹಿಂದೆ ನಡೆಯುವವರು ಯಾರು ಎಂಬುದು ದಸ್ತಗೀರಸಾಬರಿಗೂ ಗೊತ್ತಿಲ್ಲ. "ಇದರ ಕಾಲು ನೆಟ್ಟಗ ಅದಾವ್ರಿ," ಎನ್ನುತ್ತಾ ಬಗ್ಗಿ ಮುಂಗಾಲನ್ನು ಮೊಣಕಾಲಿನಿಂದ ಗೊರಸಿನವರೆಗೆ ಸವರುತ್ತಾರೆ. "ನಾಕೂ."

ಸಿದ್ದಾರೂಢ ಕೆಟ್ಟವರಲ್ಲ. ಸಿಟ್ಟು ಇಳಿದ ಮೇಲೆ ಮತ್ತೆ ಬಂದು ಅಂಗಳದ ಕಟ್ಟೆಯ ಮೇಲೆ ಕುಳಿತರು. "ಮಾರಿದಾಂವ ಯಾರು, ಅಷ್ಟು ಹೇಳ್ರಿ. ನಾಕು ಮಂದಿಯೊಳಗ ನಾನs ಹೇಳ್ತೇನಿ, ಮೋಸ ಮಾಡಿದಾಂವ ಅಂವ, ನಮ್ಮ ಉಸ್ತಾದರದು ಏನೂ ತಪ್ಪಿಲ್ಲಂತ. ಹೋದ ಕುದುರಿ ಹೊಳ್ಳಿ ಬರ್ತಾವ."

"ಕಿತ್ತಿದ್ದು ಅಂವಂದು ಖರೆ ಐತ್ರಿ. ನೋಡಿದ್ದು ನಂದು. ಅಂವನ ಹೆಸರು ಹೇಳಿದ್ರ ನಾ ನೋಡಿದ್ದು ಸರಿ ಆಗ್ತೈತೇನು?"

"ಮತ್ತ ಅಂವ ನಾಳೆ ಇನ್ನೊಬ್ಬರಿಗೆ ಹಿಂಗs ಮಾರಿದ್ರ?"

ಈ ಪ್ರಶ್ನೆ ದಸ್ತಗೀರಸಾಬರನ್ನು ಕಾಡದೆ ಇಲ್ಲ. ಮುಂದಿನ ವಾರ ಬಸ್ಸು ಹತ್ತಿ ಒಬ್ಬರೇ ಗಡಿಯಾಚೆಯ ಆ ಪೇಟೆಗೆ ಹೋದರು, ಸಂಜೆಯೊಳಗೆ ತಿರುಗಿ ಬಂದರು. ಅಲ್ಲಿ ಯಾರನ್ನು ಕಂಡರು, ಏನು ಮಾತಾದವು ಎಂದು ಬುಶ್ರಾಗೂ ತಿಳಿಯದು. ಕೇಳಿದ್ದಕ್ಕೆ "ಅಂವ ಅತ್ತಬಿಟ್ಟ," ಎಂದಷ್ಟೇ ಹೇಳಿ ಕಡಲೆ ನೆನೆಸಲು ಎದ್ದರಂತೆ.

ಸಿದ್ದಾರೂಢ ಇಲ್ಲಿಯವರೆಗೆ ಮೂರು ಸಲ ಕೇಳಿದ್ದಾರೆ. ಕುದುರೆ ಬಿಚ್ಚಿಕೊಂಡು ಹೋದವರಲ್ಲಿ ಇಬ್ಬರು ಹೇಳಿಕಳಿಸಿ ಕೇಳಿದ್ದಾರೆ. ಹಲ್ಲು ಕಿತ್ತ ಆ ವ್ಯಾಪಾರಿಯ ಹೆಸರನ್ನು ದಸ್ತಗೀರಸಾಬ ಯಾರಿಗೂ ಹೇಳಿಲ್ಲ.