ಹಣ ಮುಟ್ಟುವ ಮೊದಲು ಮುಖ ಕೇಳುವ ಲೂಡಿಂಗ್ ಅಕ್ಕ

ಇಗರ್ಜಿಯಲ್ಲಿ ಬೆಳಗಿನ ಐದು ಗಂಟೆಯ ಪೂಜೆ ಮುಗಿಸಿಕೊಂಡು ಬಂದ ಲುದಿವಿನಾ ಕಾಗಾಹಸ್ತಿಯನ್, ಎಲ್ಲರ ಬಾಯಲ್ಲಿ ಲೂಡಿಂಗ್ ಅಕ್ಕ, ತಲೆಯ ಮೇಲಿನ ಮುಸುಕನ್ನೂ ತೆಗೆಯದೆ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಪಕ್ಕದಲ್ಲಿ ಕಾಗದದ ಪೊಟ್ಟಣದಲ್ಲಿ ನಾಲ್ಕು ಬಿಸಿ ಪಾಂದೆಸಾಲ್ ಬನ್ನು, ಒಂದು ಲೋಟ ಶುಂಠಿ ಕಷಾಯ. ಹಿಂದಿನ ಅಂಗಳದಲ್ಲಿ ಉಳಿಯ ಸದ್ದು ಆಗಲೇ ಶುರುವಾಗಿದೆ. ಗೋಡೆಯುದ್ದಕ್ಕೂ ಮರದ ಸಂತರು ನಿಂತಿದ್ದಾರೆ. ಕೆಲವರಿಗೆ ಇನ್ನೂ ಕೈ ಕೂಡಿಸಿಲ್ಲ, ಕೆಲವರಿಗೆ ಬಣ್ಣ ಹಚ್ಚಿಲ್ಲ.

ಪರದೆಯ ಮೇಲೆ ಹನ್ನೊಂದು ಹೆಸರುಗಳಿವೆ. ಹತ್ತು ಹೆಸರಿನ ಮುಂದೆ ಹಳದಿ ಚುಕ್ಕೆ, ಒಂದರ ಮುಂದೆ ಕೆಂಪು. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಆ ಕೆಂಪು ಚುಕ್ಕೆಯನ್ನೇ ನೋಡುತ್ತಾರೆ. ಆಮೇಲೆ ಅದೇ ನೋಟ ನನ್ನ ಕಡೆ ತಿರುಗುತ್ತದೆ.

"ಪತ್ರಿಕೆಯವರು ಅಂತೀರಿ. ಸಂಪಾದಕರ ನಂಬರ್ ಕೊಡಿ, ನಾನೇ ಫೋನ್ ಮಾಡ್ತೀನಿ."

ಕೊಡುತ್ತೇನೆ. ಅವರು ಆ ನಂಬರಿಗೆ ಮಾಡುವುದಿಲ್ಲ. ಹಳೆಯ ಪತ್ರಿಕೆಯೊಂದನ್ನು ಎಲ್ಲಿಂದಲೋ ಎಳೆದು, ಅದರ ಕೊನೆಯ ಪುಟದಲ್ಲಿ ಅಚ್ಚಾದ ಕಚೇರಿಯ ನಂಬರಿಗೆ ಮಾಡುತ್ತಾರೆ. ಕಾವಲುಗಾರ ನನ್ನ ಹೆಸರು, ವಯಸ್ಸು, ಬಿಳಿ ಹುಬ್ಬು ಎಲ್ಲವನ್ನೂ ಹೇಳಿದ ಮೇಲೆ ಒಂದು ಬನ್ನು ನನ್ನ ಕಡೆ ಸರಿಯುತ್ತದೆ.

"ತಪ್ಪು ತಿಳ್ಕೋಬೇಡಿ. ನೀವು ಕೊಟ್ಟ ನಂಬರಿಗೆ ಮಾಡಿದ್ರೆ ನಿಮ್ಮ ಕಡೆಯವರೇ ಎತ್ಕೋತಾರೆ ಅಲ್ವಾ?"

ಎಲಾದಿಯೋ ಎಂಬವರ ಈ ಮೂರ್ತಿ ಅಂಗಡಿ ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡುತ್ತದೆ. ಮನೆಯಲ್ಲಿಡುವ ಪುಟ್ಟ ಬಾಲಯೇಸುವಿನಿಂದ ಹಿಡಿದು ಮೆರವಣಿಗೆಗೆ ಹೊರಡುವ ಆಳೆತ್ತರದ ಸಂತರವರೆಗೆ ಎಲ್ಲವೂ ಇಲ್ಲಿಂದ ಹೋಗುತ್ತದೆ. ಕೊಳ್ಳುವವರು ಕಾರ್ಡಿನ ಸಂಖ್ಯೆ ಹಾಕಿದ ಕೂಡಲೇ ಹಣ ಅಂಗಡಿಗೆ ಬರುವುದಿಲ್ಲ. ಬ್ಯಾಂಕು ಅಷ್ಟು ಹಣವನ್ನು ಅವರ ಖಾತೆಯಲ್ಲೇ ಕಟ್ಟಿಹಾಕಿ ಇಡುತ್ತದೆ. ಏಳು ದಿನದೊಳಗೆ ಲೂಡಿಂಗ್ ಅಕ್ಕ ಒಪ್ಪಿಗೆಯ ಗುಂಡಿ ಒತ್ತಿದರೆ ಹಣ ಇತ್ತ ಬರುತ್ತದೆ, ಮೂರ್ತಿ ಅತ್ತ ಹೊರಡುತ್ತದೆ. ಒತ್ತದಿದ್ದರೆ ಕಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ, ಆರ್ಡರು ಸಾಯುತ್ತದೆ.

"ಗುಡ್ ಫ್ರೈಡೇ ದಿನ ಇಗರ್ಜಿ ಬೆಂಚಿನ ಮೇಲೆ ಕರವಸ್ತ್ರ ಹಾಕಿ ಹೋಗ್ತಾರಲ್ಲ, ಹಾಗೆ" ಎನ್ನುತ್ತಾರೆ ಅಕ್ಕ. "ಜಾಗ ಹಿಡಿದಾಗಿದೆ, ಆದ್ರೆ ಯಾರೂ ಕೂತಿಲ್ಲ. ಕರವಸ್ತ್ರ ನೋಡಿ ಜನ ಬಂದ್ರು ಅಂತ ಎಣಿಸಬಾರದು. ಈ ಗುಂಡಿ ಬಂದ ಮೊದಲನೇ ತಿಂಗಳು ನಾನು ಎಣಿಸಿಬಿಟ್ಟೆ. ಹಣ ಬಂತು ಅಂದ್ಕೊಂಡು ಮೂರು ಮೂರ್ತಿ ಕಳಿಸಿದೆ, ಗುಂಡಿ ಒತ್ತಲೇ ಇಲ್ಲ. ಮೂರರಲ್ಲಿ ಇಬ್ಬರು ಪುಣ್ಯಾತ್ಮರು ಮತ್ತೆ ಕೊಟ್ರು. ಮೂರನೆಯವರು ಈಗಲೂ ಕ್ರಿಸ್ಮಸ್ಸಿಗೆ ಶುಭಾಶಯ ಕಳಿಸ್ತಾರೆ, ಹಣ ಮಾತ್ರ ಕಳಿಸಲ್ಲ."

ಅವರಿಗೆ ಈಗ ಐವತ್ತನಾಲ್ಕು. ಇದೇ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷ ಮೂರ್ತಿಗಳಿಗೆ ರೆಪ್ಪೆಗೂದಲು ಬರೆದವರು. ಒಂದೊಂದೇ ಕೂದಲು, ಬೆಕ್ಕಿನ ಕೂದಲಿನ ಕುಂಚದಲ್ಲಿ. ಬಣ್ಣದ ವಾಸನೆಗೆ ಎದೆ ಕೆಟ್ಟಿತು, ಆಮೇಲೆ ಬಲಗೈ ನಡುಗಲು ಹತ್ತಿತು. ನಡುಗುವ ಕೈಗೆ ಸಂತರ ಕಣ್ಣು ಕೊಡುವುದು ಹೇಗೆ? ಎಲಾದಿಯೋ ಅವರನ್ನು ಬಿಡಿಸಲಿಲ್ಲ, ಕಂಪ್ಯೂಟರಿನ ಮುಂದೆ ಕೂರಿಸಿದರು. ಮನೆಯಲ್ಲಿ ಪಾರ್ಶ್ವವಾಯು ಹೊಡೆದ ತಮ್ಮನಿದ್ದಾನೆ. ಅವನ ಔಷಧಿ ಈ ಕುರ್ಚಿಯಿಂದಲೇ ಬರಬೇಕು.

ಆಗ ಒಪ್ಪಿಗೆ ಗಿಪ್ಪಿಗೆ ಏನೂ ಇರಲಿಲ್ಲ. ಕಾರ್ಡು ಹಾಕಿದರೆ ಹಣ ಬಂತು ಎಂದೇ ಲೆಕ್ಕ. ಮೂರು ವರ್ಷದ ಹಿಂದೆ ನಾಲ್ಕು ಅಡಿಯ ಸಂತ ಜೋಸೆಫರಿಗೆ ಆರ್ಡರು ಬಂತು. ಗಾಜಿನ ಕಣ್ಣು, ಚಿನ್ನದ ರೇಕು. ಆರ್ಡರು ಪರೀಕ್ಷಿಸುವ ಯಂತ್ರವೇನೋ ಅನುಮಾನದ ಕೆಂಪು ಗುರುತು ಹಾಕಿತ್ತು. ಅಕ್ಕ ಅದನ್ನು ಕಡೆಗಣಿಸಿದರು. ಕೊಂಡವರ ಹೆಸರಿನ ಹಿಂದೆ 'ಫಾದರ್' ಎಂದಿತ್ತು.

"ಪಾದ್ರಿಗಳ ಮೇಲೆ ಯಾರಾದ್ರೂ ಅನುಮಾನ ಪಡ್ತಾರಾ, ಹೇಳಿ? ನಮ್ಮಮ್ಮ ನನ್ನ ಅದಕ್ಕಾ ಬೆಳೆಸಿದ್ದು? ಒಂದು ವಾರ ಮೊದಲೇ ಕಳಿಸ್ತೀವಿ ಫಾದರ್, ಆಶೀರ್ವಾದ ಮಾಡಿ ಅಂತ ಬೇರೆ ಬರೆದೆ. ಅವನು ಮಾಡಿದ!"

ಎರಡು ತಿಂಗಳ ಮೇಲೆ ಕಾರ್ಡಿನ ನಿಜವಾದ ಒಡತಿ, ದೂರದೂರಿನ ಒಬ್ಬ ದಂತವೈದ್ಯೆ, ತನ್ನ ಬ್ಯಾಂಕಿಗೆ ದೂರು ಕೊಟ್ಟರು. ಬ್ಯಾಂಕು ಅಂಗಡಿಯಿಂದ ಹಣ ವಾಪಸ್ಸು ಎಳೆದುಕೊಂಡಿತು. ಸಂತ ಜೋಸೆಫರು ಮಾತ್ರ ಹಿಂತಿರುಗಲಿಲ್ಲ. ಆ ವಾರವೇ ಅಕ್ಕ ಯಾರ ಸಹಾಯವೂ ಇಲ್ಲದೆ ಮೂರು ದಿನ ಕೂತು ಅಂಗಡಿಯ ವ್ಯವಸ್ಥೆಯನ್ನೇ ತಿರುಗಿಸಿದರು. ಇನ್ನು ಮುಂದೆ ಹಣ ತಾನಾಗಿ ಬರಬಾರದು, ಮನುಷ್ಯರು ನೋಡಿ ಒಪ್ಪಿದ ಮೇಲೆ ಬರಬೇಕು.

ದಿನಕ್ಕೆ ಹದಿನಾಲ್ಕರಿಂದ ಇಪ್ಪತ್ತು ಆರ್ಡರುಗಳು. ಮೂರು ವರ್ಷದಲ್ಲಿ ಇನ್ನೂರ ಹನ್ನೊಂದನ್ನು ಅವರು ತಿರಸ್ಕರಿಸಿದ್ದಾರೆ. ಅದರಲ್ಲಿ ಕಳ್ಳರೆಷ್ಟು ಎಂದು ಕೇಳಿದೆ.

"ನನಗೇನು ಗೊತ್ತು? ಕಳ್ಳ ಫೋನ್ ಮಾಡಿ, ಹೌದಕ್ಕ ನಾನೇ ಅಂತಾನಾ? ಕಳ್ಳರಲ್ಲದವರು ನಾಲ್ಕು ಜನ, ಅದು ಗೊತ್ತು. ಅವರು ಫೋನ್ ಮಾಡಿ ಬೈದ್ರು. ಒಬ್ಬರು ಸನ್ಯಾಸಿನಿ. ನಿನಗೋಸ್ಕರ ಪ್ರಾರ್ಥನೆ ಮಾಡ್ತೀನಮ್ಮ ಅಂದ್ರು. ಯಾವ ಥರದ ಪ್ರಾರ್ಥನೆ ಅಂತ ನಾನು ಕೇಳಲಿಲ್ಲ."

ಯಂತ್ರದ ಅನುಮಾನವೇ ಬೇರೆ, ಅಕ್ಕನ ಅನುಮಾನವೇ ಬೇರೆ. ಕಾರ್ಡು ಒಂದು ದೇಶದ್ದು, ವಿಳಾಸ ಇನ್ನೊಂದು ದೇಶದ್ದು ಎಂದರೆ ಯಂತ್ರ ಕೆಂಪಾಗುತ್ತದೆ. ಅಕ್ಕ ನಗುತ್ತಾರೆ. ಮನೆಗೊಬ್ಬರು ಹೊರದೇಶದಲ್ಲಿ ದುಡಿಯುವ ಈ ನಾಡಿನಲ್ಲಿ ಅದಕ್ಕೆ ಹೆದರಿದರೆ ಅಂಗಡಿ ಮುಚ್ಚಬೇಕಾಗುತ್ತದೆ. 'ಪ್ರಾರ್ಥನಾ ಮಂದಿರದ ಹಿಂದೆ, ನೀಲಿ ಗೇಟು, ನಾಯಿ ಇದೆ' ಎಂಬ ವಿಳಾಸಕ್ಕೂ ಯಂತ್ರ ಹೆದರುತ್ತದೆ. ಅಂಥ ವಿಳಾಸ ಕಂಡರೆ ಅಕ್ಕನಿಗೆ ಸಮಾಧಾನ.

ಅವರು ಹೆದರುವುದು ಎರಡಕ್ಕೆ. "ನಮ್ಮ ಜನ ಮೂರ್ತಿ ಕೊಳ್ಳುವಾಗ ಮುಖ ಕೇಳ್ತಾರೆ. ಯೇಸುವಿನ ಅಮ್ಮ ಅತ್ತು ಮುಗಿಸಿದ ಹಾಗಿರಬೇಕಾ, ಇನ್ನೇನು ಅಳೋ ಹಾಗಿರಬೇಕಾ, ಅಂತ ಹತ್ತು ಸಲ ಬರೀತಾರೆ. ಕಳ್ಳ ಮುಖ ಕೇಳಲ್ಲ, ಯಾವಾಗ ಕಳಿಸ್ತೀರಿ ಅಂತಾನೆ. ಎರಡನೇದು ಚೌಕಾಶಿ. ಸ್ವಂತ ದುಡ್ಡು ಕೊಡೋನು ಐವತ್ತು ಪೆಸೋ ಆದ್ರೂ ಬಿಡಿ ಅಂತಾನೆ. ಬೇರೆಯವರ ಕಾರ್ಡಲ್ಲಿ ಕೊಳ್ಳೋನು ಯಾಕೆ ಕೇಳ್ತಾನೆ?"

ಇವತ್ತಿನ ಕೆಂಪು ಚುಕ್ಕೆಯಲ್ಲಿ ಈ ಎರಡೂ ಇವೆ. ಮೂರು ಅಡಿಯ ವ್ಯಾಕುಲ ಮಾತೆಗೆ, ಮಗನಿಗಾಗಿ ಅಳುವ ಯೇಸುವಿನ ತಾಯಿಗೆ, ಮೂವತ್ತೆಂಟು ಸಾವಿರ ಪೆಸೋ, ಒಂದು ಪೈಸೆ ಚೌಕಾಶಿಯಿಲ್ಲ. ಆರ್ಡರಿನ ಕೆಳಗೆ ಒಂದೇ ಸಾಲು: 'ಇಪ್ಪತ್ತೆರಡನೇ ತಾರೀಖಿನೊಳಗೆ ತಲುಪಬೇಕು.' ಕಾರ್ಡಿನ ಮೇಲಿನ ಹೆಸರು ಹಸಿಂತೋ ಆಸೆದೇರಾ, ದೋಹಾದ ಬ್ಯಾಂಕು. ಕೊಳ್ಳುವವರ ಹೆಸರು ಪರ್ಪೆತುವಾ ಆಸೆದೇರಾ, ಬತಾಂಗಾಸ್ ಕಡೆಯ ಹಳ್ಳಿ. ಅಕ್ಕ ಆ ಹೆಸರನ್ನು ಹುಡುಕಿದಾಗ ಸಿಕ್ಕಿದ್ದು ಅಲ್ಲಿನ ಇಗರ್ಜಿಯ ಶ್ರದ್ಧಾಂಜಲಿ. ಪರ್ಪೆತುವಾ ಕಳೆದ ವರ್ಷ ಜೂನಿನಲ್ಲೇ ತೀರಿಕೊಂಡಿದ್ದಾರೆ.

"ಸತ್ತವರು ಮೂರ್ತಿ ಕೊಳ್ತಾರಾ?" ಅಕ್ಕ ಧ್ವನಿ ತಗ್ಗಿಸುತ್ತಾರೆ. "ಶ್ರದ್ಧಾಂಜಲಿ ಓದಿ ಹೆಸರು ಕದಿಯೋರು ಇದ್ದಾರೆ. ಆರು ದಿನದಿಂದ ಫೋನ್ ಮಾಡ್ತಿದ್ದೀನಿ, ಎತ್ತಲ್ಲ. ಇವತ್ತು ಒಂಬತ್ತು ನಲವತ್ತಕ್ಕೆ ಕಟ್ಟು ಬಿಚ್ಕೊಳ್ಳುತ್ತೆ."

ಅಷ್ಟರಲ್ಲಿ ಎಲಾದಿಯೋ ಬರುತ್ತಾರೆ. ಅಕ್ಕನಿಗಿಂತ ಹತ್ತು ವರ್ಷ ಚಿಕ್ಕವರು, ಬಂದವರೇ ಪರದೆಗೆ ಬಗ್ಗುತ್ತಾರೆ.

"ಇನ್ನೂ ಇದೇನಾ, ಅಕ್ಕ? ಒತ್ತು, ಇಲ್ಲಾ ಬಿಡು. ಹಿಂದೆ ಕೆತ್ತೋ ಸಿಮೋನ್ ಮೂರ್ತಿ ಮುಗಿಸಿ ಕೂತಿದ್ದಾನೆ."

"ನೀನೇ ಒತ್ತು. ನಾಳೆ ಬ್ಯಾಂಕಿನವರು ಬಂದ್ರೆ ನಿನ್ನ ಬೆರಳು ತೋರಿಸ್ತೀನಿ."

"ನೋಡಿ ಸಾರ್" ಎಂದು ಅವರು ನನ್ನ ಕಡೆ ತಿರುಗುತ್ತಾರೆ. "ಈಗಿನದು ಬರೀ ಚುಕ್ಕೆ ಹಾಕುತ್ತೆ. ತಿಂಗಳ ಬಾಡಿಗೆಗೆ ಇನ್ನೊಂದು ಯಂತ್ರ ಸಿಗುತ್ತೆ, ಕ್ಷಣದಲ್ಲಿ ತಾನೇ ಹೌದು ಇಲ್ಲ ಹೇಳುತ್ತೆ. ಅಕ್ಕನ ಮುಖ ನೋಡ್ಕೊಂಡು ತಡೀತಾ ಇದ್ದೀನಿ. ಕಳ್ಳನಿಗೆ ಇನ್ನೊಂದು ಮೂರ್ತಿ ಹೋಯ್ತು ಅಂದ್ರೂ, ನಿಜವಾದ ಗಿರಾಕಿ ಇನ್ನೊಬ್ಬ ಕೈತಪ್ಪಿದ ಅಂದ್ರೂ, ಅಕ್ಕನ ಜಾಗಕ್ಕೆ ಯಂತ್ರವೇ. ಅಕ್ಕನಿಗೂ ಹೇಳಿದ್ದೀನಿ."

"ಹೇಳಿದ್ದಾನೆ" ಎನ್ನುತ್ತಾರೆ ಅಕ್ಕ, ಬನ್ನು ಮುರಿಯುತ್ತಾ. "ಯಂತ್ರಕ್ಕೆ ಬನ್ನು ಕೊಡಿಸಬೇಕಾಗಿಲ್ಲವಂತೆ, ಅದೊಂದು ಉಳಿತಾಯ."

ಆರೂ ಮುಕ್ಕಾಲಿಗೆ ಅವರು ಮತ್ತೆ ಒಂದು ಸಂದೇಶ ಬರೆಯುತ್ತಾರೆ. ಗುರುತಿನ ಚೀಟಿ ಕೇಳುವುದಿಲ್ಲ. ಚೀಟಿ ಕದಿಯುವುದು ಸುಲಭ ಎಂಬುದು ಅವರ ಅನುಭವ. ಕೇಳುವುದು ಇಷ್ಟೇ: 'ಅಮ್ಮನ ಮುಖ ಹೇಗಿರಬೇಕು?'

ಏಳೂ ಹತ್ತಕ್ಕೆ ಫೋನು ಗುಂಯ್ ಎನ್ನುತ್ತದೆ. ಅಕ್ಕ ಗಟ್ಟಿಯಾಗಿ ಓದುತ್ತಾರೆ. 'ಸಂಜೆ ಪಾಳಿ ಈಗ ಮುಗೀತು, ಇಲ್ಲಿ ರಾತ್ರಿ ಎರಡು. ಕಾರ್ಖಾನೆಯಲ್ಲಿ ಫೋನು ಒಳಗೆ ಬಿಡಲ್ಲ. ರೂಮಿಗೆ ಬಂದ್ರೆ ಹೆಣದ ಹಾಗೆ ಮಲಗ್ತೀನಿ. ಕಣ್ಣೀರು ಬೇಡ ಅಕ್ಕ. ನಮ್ಮಮ್ಮ ನಮ್ಮೆದುರಿಗೆ ಯಾವತ್ತೂ ಅತ್ತವಳಲ್ಲ.'

ನನಗೆ ಇಷ್ಟು ಸಾಕು. ಅಕ್ಕನಿಗೆ ಸಾಲದು. ಅವರು ನೇರವಾಗಿ ಫೋನು ಮಾಡಿ, ನಾವೆಲ್ಲ ಕೇಳುವಂತೆ ಇಡುತ್ತಾರೆ.

"ಚೆನ್ನಾಗಿ ಬರೆದಿದ್ದೀಯಪ್ಪ. ಆದ್ರೆ ಚೆನ್ನಾಗಿ ಬರೆಯೋರು ನನಗೆ ಬಹಳ ಜನ ಸಿಕ್ಕಿದ್ದಾರೆ. ಸತ್ತವರ ಹೆಸರಲ್ಲಿ ಯಾಕೆ ಕೊಂಡೆ?"

"ಅಮ್ಮನ ಹರಕೆ ಅಕ್ಕ" ಎನ್ನುತ್ತದೆ ಅತ್ತಲಿನ ದಣಿದ ದನಿ. "ನಾನು ವಿಮಾನ ಹತ್ತಿದಾಗ ಹೊತ್ತಿದ್ದು, ಊರ ಮಂದಿರಕ್ಕೆ ವ್ಯಾಕುಲ ಮಾತೆ ಕೊಡ್ತೀನಿ ಅಂತ. ತೀರಿಸೋದರೊಳಗೆ ಹೋಗಿಬಿಟ್ಟಳು. ಇಪ್ಪತ್ತೆರಡಕ್ಕೆ ವರ್ಷ ತುಂಬಿ ಮನೆಯವರು ಸೂತಕದ ಕಪ್ಪು ಬಟ್ಟೆ ತೆಗೀತಾರೆ, ಅವತ್ತೇ ಒಪ್ಪಿಸಬೇಕು. ಅವಳ ಹರಕೆ ಅವಳ ಹೆಸರಲ್ಲೇ ಹೋಗಬೇಕಲ್ವಾ?"

"ಮೂವತ್ತೆಂಟು ಸಾವಿರಕ್ಕೆ ಒಂದು ಮಾತೂ ಆಡಲಿಲ್ಲ ನೀನು."

"ಅಕ್ಕ, ಹರಕೆಗೆ ಚೌಕಾಶಿ ಮಾಡ್ತಾರಾ?"

ಲೂಡಿಂಗ್ ಅಕ್ಕ ಕನ್ನಡಕ ತೆಗೆಯುತ್ತಾರೆ. ಹರಕೆಯ ವಸ್ತುವಿಗೆ ಬೆಲೆ ಇಳಿಸಿ ಕೇಳಬಾರದು ಎಂಬುದು ಇಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಇಳಿಸಿದಷ್ಟು ಹರಕೆ ಬಾಕಿ ಉಳಿಯುತ್ತದೆ ಎನ್ನುತ್ತಾರೆ. ಮೂರು ವರ್ಷದಿಂದ ಚೌಕಾಶಿ ಮಾಡದವರನ್ನೆಲ್ಲ ಕಳ್ಳರ ಪಟ್ಟಿಗೆ ಸೇರಿಸುತ್ತ ಬಂದ ಕೈ ಮುಸುಕಿನ ಅಂಚಿನಿಂದ ಕನ್ನಡಕ ಒರೆಸುತ್ತದೆ. ಇನ್ನೂರ ಹನ್ನೊಂದರಲ್ಲಿ ಎಷ್ಟು ಹರಕೆಗಳಿದ್ದವೋ, ನಾನು ಕೇಳುವುದಿಲ್ಲ.

"ಸರಿ ಕಣಪ್ಪ" ಎಂದವರು ಕನ್ನಡಕ ಹಾಕಿಕೊಂಡು ಮತ್ತೆ ಶುರುಮಾಡುತ್ತಾರೆ. "ಇನ್ನೊಂದು. ಹಣ ಕಟ್ಟಿಹಾಕಿದಾಗ ನಿನ್ನ ಬ್ಯಾಂಕು ಒಂದು ಸಂದೇಶ ಕಳಿಸಿರುತ್ತೆ. ಅದರಲ್ಲಿ ಎಷ್ಟು ರಿಯಾಲ್ ಅಂತಿದೆ? ಚಿಲ್ಲರೆ ಸಮೇತ ಓದು."

"ಅಯ್ಯೋ ಅಕ್ಕ, ಇನ್ನೂನಾ?" ಎಂದು ಎಲಾದಿಯೋ ಹಣೆ ಹಿಡಿದುಕೊಳ್ಳುತ್ತಾರೆ.

"ಸುಮ್ನಿರು. ಕಾರ್ಡಿನ ನಂಬರು ಕದ್ದವನ ಹತ್ತಿರ ನಂಬರು ಇರುತ್ತೆ. ಬ್ಯಾಂಕಿನ ಸಂದೇಶ ಒಡೆಯನ ಫೋನಿಗೇ ಹೋಗೋದು."

ಹಸಿಂತೋ ಹುಡುಕಿ ಓದುತ್ತಾರೆ. ಎರಡು ಸಾವಿರದ ನಾನೂರ ಅರವತ್ತೇಳು ರಿಯಾಲ್, ಚಿಲ್ಲರೆ ಮೂವತ್ತೊಂದು. ಅಕ್ಕ ಆರ್ಡರು ಬಂದ ದಿನದ ದರಕ್ಕೆ ಕಾಗದದ ಮೇಲೆ ಗುಣಿಸುತ್ತಾರೆ, ಬ್ಯಾಂಕಿನ ಕಮಿಷನ್ ಕಳೆಯುತ್ತಾರೆ, ಇನ್ನೊಮ್ಮೆ ಗುಣಿಸುತ್ತಾರೆ. ಹೊಂದುತ್ತದೆ.

ಏಳೂ ಮೂವತ್ತೆಂಟಕ್ಕೆ ಅವರು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ಎಡಗೈಯಿಂದ ಬಲಗೈಯನ್ನು ಹಿಡಿದು ಗುಂಡಿ ಒತ್ತುತ್ತಾರೆ. ಕೆಂಪು ಚುಕ್ಕೆ ಹಸಿರಾಗುತ್ತದೆ. ತಕ್ಷಣ ಕಿಟಕಿಯಿಂದ ಹಿತ್ತಿಲಿಗೆ ಕೂಗು.

"ಸಿಮೋನ್! ಕಣ್ಣೀರು ಬೇಡವಂತೆ!"

"ಎರಡು ಹನಿ ಅಂಟಿಸಿ ಆಯ್ತಲ್ಲೇ, ಒಳ್ಳೇ ಗಾಜು!"

"ಕಿತ್ತುಬಿಡು. ಆ ತಾಯಿ ಅಳೋಳಲ್ಲವಂತೆ."

"ನಿನಗಿಂತ ಗಟ್ಟಿ ಹೆಂಗಸು ಅನ್ನು."

ಎಲಾದಿಯೋ ಇನ್ನೂ ಪರದೆಯ ಮುಂದೆಯೇ ನಿಂತಿದ್ದಾರೆ. "ಯಂತ್ರ ಇದನ್ನ ಮೊದಲನೇ ದಿನವೇ ಆಚೆಗೆ ಹಾಕಿರೋದು" ಎನ್ನುತ್ತಾರೆ, ಯಾರಿಗೆ ಎಂದಿಲ್ಲದೆ. ಆಮೇಲೆ: "ಗುಂಡಿ ನಿನ್ನ ಹತ್ತಿರವೇ ಇರಲಿ ಅಕ್ಕ. ಸದ್ಯಕ್ಕೆ."

"ಸದ್ಯಕ್ಕೆ ಅಂದಿದ್ದನ್ನ ಬರೆದುಕೊಡು" ಎನ್ನುತ್ತಾರೆ ಅಕ್ಕ. ಅವರು ತಮಾಷೆ ಮಾಡುತ್ತಿಲ್ಲ. ಎಲಾದಿಯೋ ನಿಜವಾಗಿಯೂ ಒಂದು ಚೀಟಿಯಲ್ಲಿ ಬರೆದು, ಸಹಿ ಹಾಕಿ ಹೋಗುತ್ತಾರೆ.

ಹೊರಡುವ ಮೊದಲು ನಿಮಗೇನಾದರೂ ಆಸೆಯಿದೆಯೇ ಎಂದು ಕೇಳುತ್ತೇನೆ. ಸಾವಿರಾರು ಮೂರ್ತಿಗಳಿಗೆ ಒಪ್ಪಿಗೆ ಕೊಟ್ಟಿದ್ದಾರೆ, ಅವುಗಳಲ್ಲಿ ಒಂದನ್ನೂ ಅದು ಸೇರಿದ ಜಾಗದಲ್ಲಿ, ಹೂವು ಮೇಣದಬತ್ತಿಯ ನಡುವೆ ನೋಡಿಲ್ಲವಂತೆ. ಹಸಿಂತೋ ಫೋನಿಡುವ ಮೊದಲು ಕರೆದಿದ್ದಾರೆ: ಇಪ್ಪತ್ತೆರಡಕ್ಕೆ ನಮ್ಮೂರಿಗೆ ಬನ್ನಿ, ಊಟಕ್ಕೆ ನಿಲ್ಲಬೇಕು. ಬಸ್ಸಿನಲ್ಲಿ ನಾಲ್ಕು ಗಂಟೆಯ ದಾರಿ.

"ಹೋಗ್ತೀರಾ?"

"ಹೋಗ್ತೀನಿ" ಎನ್ನುತ್ತಾರೆ ಲೂಡಿಂಗ್ ಅಕ್ಕ, ಮುಸುಕನ್ನು ಮಡಚಿ ಚೀಲಕ್ಕೆ ಹಾಕುತ್ತಾ. "ಅಂಥ ಮನೆ ನಿಜವಾಗಿ ಇದೆಯಾ ಅಂತ ನೋಡಿದ ಹಾಗೂ ಆಗುತ್ತೆ."