ಶುಕ್ರವಾರ ಕಿತ್ತ ವೈರು

ಆ ಶುಕ್ರವಾರ ಸಂಜೆ ವೈರು ಕಿತ್ತವರು ನಮ್ಮ ಅತ್ತೆಯಲ್ಲ, ನೇತ್ರಾ. ನಾನು. ಈ ಕೈಯಿಂದಲೇ ಕಿತ್ತೆ. ನೀನು ಗೋಡೆಯಾಚೆಯಿಂದ ಕೂಗಿದಾಗ ನಾನು ಅವರ ಹೆಸರು ಹೇಳಿದೆ. ನೀನು ನಂಬಿದೆ. ಯಾಕೆ ನಂಬಬಾರದು? ಶುಕ್ರವಾರ ದೀಪ ಹಚ್ಚಿದ ಮೇಲೆ ವೈರು ಕೀಳುವುದು ಅವರದೇ ಕಟ್ಟಳೆಯಾಗಿತ್ತಲ್ಲ.

ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿಲ್ಲ. ಗಂಡನಿಗೂ ಇಲ್ಲ. ಹೇಳಬೇಕೆಂದು ಎಷ್ಟು ಸಲ ಬಾಯಿ ತೆರೆದೆನೆಂದರೆ— ಇರಲಿ, ತೆರೆದದ್ದು ಲೆಕ್ಕಕ್ಕಿಲ್ಲ. ಹೇಳಲಿಲ್ಲ, ಅಷ್ಟೇ. ಊರವರ ತಪ್ಪುಗಳನ್ನೆಲ್ಲ ಎತ್ತಿ ಆಡುವ ನನ್ನ ಬಾಯಿಗೆ ಇದೊಂದು ಮಾತ್ರ ಬರಲಿಲ್ಲ.

ನಿನಗೆ ಗೊತ್ತಿರುವುದರಿಂದಲೇ ಶುರು ಮಾಡುತ್ತೇನೆ. ಗೊತ್ತಿಲ್ಲದ್ದು ನಡುವೆ ಬರುತ್ತದೆ. ಕೊಟ್ಟೂರಿನಲ್ಲಿ ನಮ್ಮ ಮನೆಗೂ ನಿನ್ನ ತವರುಮನೆಗೂ ಒಂದೇ ನಡುಗೋಡೆ. ಹಳೇ ಕಲ್ಲುಮಣ್ಣಿನ ಗೋಡೆ, ಅದರ ಎದೆಮಟ್ಟಕ್ಕೆ ಒಂದು ಕಿಂಡಿ. ಹೆಪ್ಪಿನ ಬಟ್ಟಲು, ಪಲ್ಯದ ಬೋಗುಣಿ, ಹಬ್ಬದ ಹೋಳಿಗೆ, ಜೊತೆಗೆ ಓಣಿಯ ಸುದ್ದಿ, ಎಲ್ಲ ಆ ಕಿಂಡಿಯಲ್ಲೇ ಹೋಗಿ ಬರುತ್ತಿದ್ದವು. ನಮ್ಮ ಮನೆಗೆ ನೆಟ್ ಹಾಕಿಸಿದ ಮೇಲೆ ನನ್ನವರ ಬಟ್ಟೆ ಅಂಗಡಿಯ ಕೆಲಸಕ್ಕೆ ಒಂದು ಕಂಪ್ಯೂಟರ್, ನನ್ನ ಟ್ಯೂಷನ್ ಮಕ್ಕಳಿಗೆ ಇನ್ನೊಂದು, ಎರಡೂ ಅದೇ ಲೈನಿನಲ್ಲಿ ನಡೆಯುತ್ತಿದ್ದವು. ನೀನು ಇಟ್ಟಿಗಿ ಊರಿನ ಗಂಡನ ಮನೆ ಬಿಟ್ಟು, ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದದ್ದು ಆಗಲೇ. ಅವನು ನಿನ್ನ ಫೋನನ್ನು ಬಾವಿಗೆ ಎಸೆದಿದ್ದ. ನಿನ್ನ ಬೆನ್ನು ನೋಡಿದವಳು ನಾನು. ಸ್ನಾನಕ್ಕೆ ನೀರು ಹಾಕುವಾಗ ನೋಡಿದೆ. ಇದನ್ನು ನೆನಪಿಟ್ಟುಕೋ, ಮುಂದಿನದನ್ನು ಕೇಳುವಾಗ. ನಾನು ನೋಡಿಯೂ ಮಾಡಿದೆ.

ನಿನ್ನ ಅಣ್ಣ ಮೂಲೆಗೆ ಹಾಕಿದ್ದ ಹಳೇ ಕಂಪ್ಯೂಟರನ್ನು ನೀನು ಒರೆಸಿ ಮೇಜಿನ ಮೇಲಿಟ್ಟೆ. ಅದಕ್ಕೆ ನೆಟ್ ಬೇಕಿತ್ತು. ಗುಂಡು ಹೊಡೆದರೂ ಜಪ್ಪಯ್ಯ ಅನ್ನದ ಆ ಗೋಡೆಯನ್ನು ದಾಟಿ ನಮ್ಮ ವೈ-ಫೈ ನಿಮ್ಮ ಮನೆಗೆ ಬರುತ್ತಿರಲಿಲ್ಲ. ವೈರು ಎಳೆಯೋಣ ಎಂದು ನಾನೇ ಹೇಳಿದೆ. ಅತ್ತೆಗೆ ಹೇಳಿದರೆ ಅವರು ಎರಡು ಮಾತು ಆಡಲಿಲ್ಲ.

“ಹೆಪ್ಪು ಕೊಡೋ ಕಿಂಡಿಯಾಗ ನೆಟ್ಟೂ ಕೊಡ್ರಿ. ಕೊಟ್ರ ಸವೆದು ಹೋಗೋದಲ್ಲಲ್ಲ ಅದು.”

ಹೀಗೆ ನಮ್ಮ ನೆಟ್ ಡಬ್ಬಿಯಿಂದ ಹೊರಟ ವೈರು ಹೆಪ್ಪಿನ ಕಿಂಡಿಯಲ್ಲಿ ಹಾದು ನಿನ್ನ ಮೇಜಿಗೆ ಬಂತು. ಆದರೆ ಮೊದಲ ಶುಕ್ರವಾರವೇ ಅತ್ತೆಗೆ ಇನ್ನೊಂದು ಯೋಚನೆ ಹೊಳೆಯಿತು. ದೇವರ ಮುಂದೆ ದೀಪ ಹಚ್ಚಿ ಬಂದವರು ಡಬ್ಬಿಯ ಮುಂದೆ ನಿಂತರು.

“ಶುಕ್ರವಾರ ದೀಪ ಹಚ್ಚಿದ ಮ್ಯಾಲೆ ಹಾಲು, ಹೆಪ್ಪು, ಉಪ್ಪು ಹೊರಗ ಕೊಡ್ತೀವೇನು? ನೆಟ್ಟೂ ಮನಿ ವಸ್ತುನ. ಮನಿ ಲಕ್ಷ್ಮೀನ ನಾವಾ ಕಳಿಸಿಕೊಟ್ಟಂಗ ಅಕ್ಕೈತಿ.”

ನೀನು ಕಿಂಡಿಯಲ್ಲಿ ಮುಖವಿಟ್ಟು ನಕ್ಕಿದ್ದೆ. “ಅಯ್ಯ ಅಮ್ಮಾರ, ಲಕ್ಷ್ಮಿ ವೈರಿನಾಗ ಬರ್ತಾಳೇನ್ರಿ?”

“ಬರದಿದ್ರ ನಿನಗ ಯಾಕ ಬೇಕಾಗಿತ್ತು ಅದು?”

ಆವತ್ತು ಎರಡೂ ಮನೆಯವರು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಲ್ಲಿಂದ ಅದೇ ಕಟ್ಟಳೆಯಾಯಿತು. ಶುಕ್ರವಾರ ದೀಪದ ಹೊತ್ತಿಗೆ ಅತ್ತೆ ನಿನ್ನ ವೈರು ಕೀಳುವುದು, ಶನಿವಾರ ಸ್ನಾನ ಮಾಡಿ ಬಂದು ತಾವೇ ಸಿಕ್ಕಿಸುವುದು. ಯಾವ ತೂತಿಗೆ ಯಾವ ವೈರು ಎಂಬುದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ನೀನೂ ಅದಕ್ಕೆ ಒಗ್ಗಿಕೊಂಡೆ. “ಅಮ್ಮಾ, ಕಿತ್ರೇನ್ರಿ?” ಎಂದು ಕೇಳಿ ಕಂಪ್ಯೂಟರ್ ಮುಚ್ಚಿ, ಮಗಳಿಗೆ ಊಟ ಮಾಡಿಸಲು ಹೋಗುತ್ತಿದ್ದೆ.

ಮಕ್ಕಳಿಗೆ ಮನೆಯಿಂದಲೇ ಗಣಿತ ಹೇಳಿಕೊಡುವ ಕೆಲಸ, ಕನ್ನಡದಲ್ಲಿ ಪಾಠ, ಕಂಪ್ಯೂಟರಿನಲ್ಲಿ— ಆ ಸುದ್ದಿ ತಂದವಳು ನಾನೇ. ಇಬ್ಬರೂ ಅರ್ಜಿ ಹಾಕೋಣ ಎಂದವಳೂ ನಾನೇ. ಆ ಹೊತ್ತಿಗೆ ನಿನ್ನ ಅಣ್ಣ ನಿನಗೆ ಒಂದು ಮಾತು ಹೇಳಿಯಾಗಿತ್ತು. ಕಿಂಡಿಯ ಈಚೆ ನಿಂತು ಹಿಟ್ಟು ನಾದುತ್ತಿದ್ದ ನನಗೂ ಅದು ಕೇಳಿಸಿತ್ತು. “ನಿನ್ನ ಕಾಲ ಮ್ಯಾಲೆ ನೀ ನಿಂತ್ರ ಇರು, ನಾ ಬ್ಯಾಡ ಅನ್ನಂಗಿಲ್ಲ. ಇಲ್ಲಾಂದ್ರ ದಸರಾ ಆದ ಮ್ಯಾಲೆ ನಾನಾ ಇಟ್ಟಿಗಿಗೆ ಬಿಟ್ಟು ಬರ್ತೀನಿ.” ಅಂದರೆ ಆ ಕೆಲಸ ನಿನಗೆ ಏನೆಂದು ನನಗೆ ಗೊತ್ತಿತ್ತು. ನನಗೆ ಅದು ಬೇಸರ ಕಳೆಯುವ ದಾರಿ. ನಿನಗೆ ಆ ಮನೆಗೆ ಮತ್ತೆ ಹೋಗಬೇಕೋ ಬೇಡವೋ ಎಂಬುದು.

ನನ್ನನ್ನು ಅವರು ಮೊದಲ ಸುತ್ತಿನಲ್ಲೇ ಕೈಬಿಟ್ಟರು. ಪರದೆಯ ಮೇಲೆ ನನ್ನದೇ ಮುಖ ಕಂಡದ್ದೇ ತಡ, ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಊರಿಗೆಲ್ಲ ಬುದ್ಧಿ ಹೇಳುವ ಸುಮಕ್ಕ ಅಲ್ಲಿ ಮೂಗಿ. ನಿನಗೆ ಏನು ಹೇಳಿದೆ, ನೆನಪಿದೆಯೇ? “ನನಗ ನನ್ನ ಟ್ಯೂಷನ್ ಸಾಕವ್ವ, ಬ್ಯಾಡ ಅಂದೆ.” ಮೊದಲ ಸುಳ್ಳು ಅದು. ನೀನು ಪಾಸಾದೆ. ಎರಡನೆಯದರಲ್ಲೂ ಪಾಸಾದೆ. ಸಕ್ಕರೆ ಹಿಡಿದುಕೊಂಡು ಓಡಿ ಬಂದೆ. ನಾನು ಬಾಯಿಗೆ ಹಾಕಿಸಿಕೊಂಡೆ. ನೀನು ಅತ್ತ ಹೋದ ಮೇಲೆ ಆ ಸಕ್ಕರೆಯನ್ನು ಬಚ್ಚಲಿಗೆ ಉಗುಳಿದೆ, ನೇತ್ರಾ. ಹೊಟ್ಟೆಕಿಚ್ಚು ಎಂದು ಬೇರೆಯವರ ಬಗ್ಗೆ ಎಷ್ಟು ಸಲೀಸಾಗಿ ಅನ್ನುತ್ತೇವೆ. ನಮ್ಮ ಹೊಟ್ಟೆಯಲ್ಲೇ ಹತ್ತಿದಾಗ ಅದಕ್ಕೆ ನಾವು ಬೇರೆ ಏನೇನೋ ಹೆಸರಿಡುತ್ತೇವೆ. ನಾನು ಇಟ್ಟ ಹೆಸರು ನ್ಯಾಯ. ಲೈನು ನನ್ನದು, ಕಲಿಸಿದವಳು ನಾನು, ಮೇಲೆ ಹೋಗುವವಳು ಇವಳು— ಇದೆಂಥ ನ್ಯಾಯ ಎಂದುಕೊಂಡೆ.

ಕೊನೆಯ ಪರೀಕ್ಷೆ ಶುಕ್ರವಾರ ಸಂಜೆಯೇ ಬಿತ್ತು. ನೀನು ಅವರಿಗೆ ಪಾಠ ಮಾಡಿ ತೋರಿಸಬೇಕು. ನಡುವೆ ನೆಟ್ ಕಡಿದರೆ ಆಗುವುದಿಲ್ಲ, ಮನೆಯಿಂದ ಕಲಿಸುವವರಿಗೆ ಲೈನು ಗಟ್ಟಿ ಇರಬೇಕು ಎಂದು ಮೊದಲೇ ಹೇಳಿದ್ದರು. ಮಧ್ಯಾಹ್ನ ನೀನು ಕಿಂಡಿಗೆ ಬಂದು ಪಿಸುಗುಟ್ಟಿದೆ. “ಸುಮಕ್ಕ, ಅಮ್ಮಾರನ್ನ ನೀವಾ ಕೇಳ್ರಿ. ನನಗ ಅಂಜಿಕಿ ಆಗ್ತೈತಿ. ಇವತ್ತೊಂದಿನ ಬಿಡ್ತಾರೇನೋ.”

ಕೇಳಿದೆ. ಇದೇ ನಿನಗೆ ಗೊತ್ತಿಲ್ಲದ್ದು. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಲೆ ಎತ್ತದೆ ಹೇಳಿದರು: “ಕೇಳೋದೇನೈತಿ ಅದರಾಗ? ಹೆಣ್ಮಗಳ ಬಾಳೇವು ಅದು. ಇವತ್ತ ಲಕ್ಷ್ಮಿ ಆ ಮನಿಗೆ ಹೋಗಬೇಕಾಗೈತಿ, ಹೋಗಲಿ ಬಿಡು.” ಆಮೇಲೆ ಇನ್ನೊಂದು ಮಾತು ಸೇರಿಸಿದರು. “ನಾ ಇಲ್ಲೇ ಇದ್ರ ರೂಢಿಗೆ ಕೈ ಹೋದೀತು. ಗುಡಿ ಕಡಿ ಹೋಗಿ ಕುಂತು ಬರ್ತೀನಿ.” ದೀಪ ಹಚ್ಚಿ, ಸೆರಗು ಹೊದ್ದು, ಹೋದರು. ನಿನಗಾಗಿ ತಮ್ಮ ಕೈಯನ್ನೇ ಮನೆಯಿಂದ ಹೊರಗೆ ಕರೆದುಕೊಂಡು ಹೋದರು ಆ ಮುದುಕಿ. ನಾನು ನಿನಗೆ “ಕೇಳೇನಿ, ಧೈರ್ಯವಾಗಿ ಮಾಡು” ಎಂದಷ್ಟೇ ಹೇಳಿದೆ.

ನೀನು ಪಾಠ ಶುರು ಮಾಡಿದೆ. ನಾನು ಒಲೆಯ ಮುಂದೆ ರೊಟ್ಟಿಗೆ ಹಿಟ್ಟು ನಾದುತ್ತಿದ್ದೆ. ಆ ಹೊತ್ತಿನವರೆಗೂ ನನ್ನ ಮನಸ್ಸಿನಲ್ಲಿ ವೈರು ಕೀಳುವ ವಿಚಾರ ಇರಲಿಲ್ಲ— ಇದನ್ನು ನೆಪವಾಗಿ ಹೇಳುತ್ತಿಲ್ಲ, ನಡೆದದ್ದು ಹೇಳುತ್ತಿದ್ದೇನೆ. ನಿನ್ನ ದನಿ ಕಿಂಡಿಯಲ್ಲಿ ಸ್ಪಷ್ಟವಾಗಿ ಬರುತ್ತಿತ್ತು. ಭಿನ್ನರಾಶಿ. “ನಿಮ್ಮವ್ವ ಒಂದು ರೊಟ್ಟಿ ಮಾಡಿದ್ದಾಳೆ, ನೀವು ಅಣ್ಣತಮ್ಮ ಅಕ್ಕತಂಗಿ ಸೇರಿ ನಾಲ್ಕು ಜನ...” ರೊಟ್ಟಿಯ ಉದಾಹರಣೆ ನಾನು ನಿನಗೆ ಹೇಳಿಕೊಟ್ಟದ್ದು. ಪುಸ್ತಕದ ಸೇಬು ಗೀಬು ಬೇಡ, ರೊಟ್ಟಿ ಮುರಿದು ತೋರಿಸು ಎಂದಿದ್ದೆ. ನನ್ನ ಬಾಯಿಂದ ಹೊರಡದೆ ಹೋದದ್ದು ನಿನ್ನ ಬಾಯಿಂದ ಹೊರಟಿತು. ಆ ಕಡೆಯವರು ನಕ್ಕರು. ಮೆಚ್ಚಿ ನಕ್ಕ ನಗು. ಒಬ್ಬರು “ಬಹಳ ಚೆನ್ನಾಗಿ ಹೇಳ್ತೀರಿ” ಅಂದದ್ದೂ ಕೇಳಿಸಿತು.

ನಾನು ಎದ್ದೆ. ಕೈಗೆ ಹಿಟ್ಟು ಮೆತ್ತಿಕೊಂಡೇ ಇತ್ತು. ಡಬ್ಬಿಯ ಹತ್ತಿರ ಹೋಗಿ ನಿನ್ನ ವೈರು ಹಿಡಿದು ಎಳೆದೆ. ಟಕ್ ಎಂದಿತು. ಅಷ್ಟೇ ಸದ್ದು.

ನೀನು ಎರಡು ಸಲ “ಹಲೋ, ಕೇಳಿಸ್ತದೇನ್ರಿ?” ಎಂದೆ. ಆಮೇಲೆ ಕುರ್ಚಿ ಬಿದ್ದ ಸದ್ದು. ಕಿಂಡಿಯಲ್ಲಿ ನಿನ್ನ ಮುಖ.

“ಸುಮಕ್ಕಾ, ನೆಟ್ ಹೋತು! ಲಗೂನ ನೋಡ್ರಿ!”

ನಾನು ಹೇಳಿದ್ದು ಇದು: “ಅತ್ತಿ ಕಿತ್ತು ಗುಡಿಗೆ ಹೋಗ್ಯಾರವ್ವ. ಶುಕ್ರವಾರ ಅಲ್ಲ ಇವತ್ತು.”

“ಕೇಳೇನಿ ಅಂದಿದ್ರಲ್ರಿ!”

“ಮನಸ್ಸು ತಿರುಗಿತೇನೋ. ದೀಪ ಹಚ್ಚ್ಯಾರ. ನಾ ಹ್ಯಾಂಗ ಮುಟ್ಲಿ?”

“ಒಂದ್ ಘಳಿಗಿ, ಸುಮಕ್ಕ. ನಿಮ್ಮ ಕಾಲ್ ಬೀಳ್ತೀನಿ. ಅವರಿಗೆ ನಾ ಆಮ್ಯಾಲೆ ಹೇಳ್ತೀನಿ, ಬೈಲಿ, ಹೊಡೀಲಿ—”

ವೈರು ನನ್ನ ಬೆನ್ನ ಹಿಂದೆ, ನನ್ನ ಮುಷ್ಟಿಯಲ್ಲೇ ಇತ್ತು. ನಾನು ತಲೆ ಅಲ್ಲಾಡಿಸಿದೆ. ನೀನು ಮತ್ತೆ ಕೇಳಲಿಲ್ಲ. ಹಿರಿಯರು ಕಿತ್ತದ್ದನ್ನು ಸೊಸೆ ಮುಟ್ಟಲಾರಳು ಎಂಬುದು ನಿನಗೆ ತಿಳಿಯುತ್ತಿತ್ತು. ಅದು ತಿಳಿಯುವವಳಾದ್ದರಿಂದಲೇ ನಿನ್ನನ್ನು ನಾನು ಅಷ್ಟು ಸುಲಭವಾಗಿ ಕೆಡವಿದೆ. ನೀನು ಕಂಪ್ಯೂಟರ್ ಮುಚ್ಚಿದ ಮೇಲೆ ನಾನು ವೈರನ್ನು ಸಿಕ್ಕಿಸಿ, ಅದಕ್ಕೆ ಮೆತ್ತಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದೆ.

ಲೈನು ಸರಿಯಿಲ್ಲದ್ದರಿಂದ ನಿಮ್ಮನ್ನು ತೆಗೆದುಕೊಳ್ಳಲಾಗುತ್ತಿಲ್ಲ ಎಂದು ಅವರು ತಿಳಿಸಿದರು. ಮಾರನೆಯ ದಿನ ನೀನು ವೈರು ಸುತ್ತಿ ಕಿಂಡಿಯಲ್ಲಿ ಇಟ್ಟೆ. “ನಿಮ್ದು ನಿಮಗ ಇರಲಿ” ಎಂದೆ, ನನಗಲ್ಲ, ನನ್ನ ಹಿಂದೆ ನಿಂತಿದ್ದ ಅತ್ತೆಗೆ. ಅವರಿಗೆ ಏನೂ ಅರ್ಥವಾಗಲಿಲ್ಲ. ದಸರಾ ಆದ ಮೇಲೆ ನಿನ್ನ ಅಣ್ಣ ನಿನ್ನನ್ನು ಬಸ್ಸು ಹತ್ತಿಸಿದ. ಹೊರಡುವ ಮುಂಚೆ ನೀನು ನನ್ನ ಕಾಲು ಮುಟ್ಟಿದೆ. ಪಕ್ಕದಲ್ಲಿದ್ದ ಅತ್ತೆಯ ಕಾಲು ಮುಟ್ಟಲಿಲ್ಲ. ನಾನು ಕಾಲು ಹಿಂದೆಗೆಯಬಹುದಿತ್ತು. ಹಿಂದೆಗೆಯಲಿಲ್ಲ.

ಅತ್ತೆಗೆ ವಿಷಯ ಗೊತ್ತಾದದ್ದು ಹಿಟ್ಟಿನ ಗಿರಣಿಯಲ್ಲಿ. ನಿಮ್ಮವ್ವ ಎಲ್ಲರ ಮುಂದೆ ಕೇಳಿದರಂತೆ, “ನಿನ್ನ ಮಡಿಗೆ ನನ್ನ ಮಗಳ ಬಾಳು ಹೋತಲ್ಲಬೇ” ಎಂದು. ಮನೆಗೆ ಬಂದು ಹಿಟ್ಟಿನ ಡಬ್ಬ ಇಳಿಸಿ, ನನ್ನನ್ನು ನೋಡಿದರು.

“ಸುಮಾ, ಅವತ್ತು ನಾ ಹೂಂ ಅಂದಿದ್ದೆ, ಹೌದಲ್ಲ?”

“ಹೌದ್ರಿ.”

“ಮತ್ತ ಹೋಗಿ ಹೇಳು.”

ನಾಳೆ ಹೋಗುತ್ತೇನೆ ಎಂದೆ. ಅವರು ಬೈಯಲಿಲ್ಲ, ನನ್ನ ಗಂಡನ ಕಿವಿಗೆ ಹಾಕಲಿಲ್ಲ. ತಾವೇ ಗಿರಣಿಯಲ್ಲಿ ನಿಂತು, ನಾನಲ್ಲ, ನನ್ನ ಸೊಸೆ ಎನ್ನಬಹುದಿತ್ತು, ಅದನ್ನೂ ಅನ್ನಲಿಲ್ಲ. ನನ್ನ ಬಾಯಿಂದ ಬರಲಿ ಎಂದು ಕಾದರು. ಅಷ್ಟರಲ್ಲಿ ನಿನ್ನ ಅಣ್ಣ ಆ ಕಡೆಯಿಂದ ಕಿಂಡಿಗೆ ಹಲಗೆ ಹೊಡೆದಿದ್ದ. ಆದರೂ ಅತ್ತೆ ಪ್ರತಿ ಶುಕ್ರವಾರ ದೀಪ ಹಚ್ಚಿದ ಮೇಲೆ— ಮೇಲೆ, ನೇತ್ರಾ, ಮುಂಚೆ ಅಲ್ಲ— ಒಂದು ಬಟ್ಟಲು ಹೆಪ್ಪು ತಂದು ಆ ಕಿಂಡಿಯಲ್ಲಿಡುತ್ತಿದ್ದರು. ಜೀವಮಾನವಿಡೀ ಪಾಲಿಸಿದ ಕಟ್ಟಳೆಯನ್ನು ತಾವೇ ಮುರಿದರು. ತೆಗೆದುಕೊಳ್ಳುವವರು ಯಾರೂ ಇಲ್ಲ. ಶನಿವಾರ ಅದು ಹುಳಿಯಾಗಿರುತ್ತಿತ್ತು. ಬಟ್ಟಲು ತೊಳೆಯುವವಳು ನಾನು. ಸಾಯುವವರೆಗೂ ಇಟ್ಟರು. ನನ್ನ ನಾಳೆ ಬರಲಿಲ್ಲ.

ಮೊನ್ನೆ ಹಡಗಲಿ ಬಸ್ ಸ್ಟ್ಯಾಂಡಿನಲ್ಲಿ ನೀನೇ ನನ್ನನ್ನು ಗುರುತು ಹಿಡಿದೆ. ಮಗಳು ನಿನ್ನ ಹೆಗಲೆತ್ತರ ಬೆಳೆದಿದ್ದಾಳೆ. ನಿನ್ನ ಬಲಗೈ ಮಣಿಕಟ್ಟು ಸೊಟ್ಟಗೆ ಕೂಡಿದೆ. ನಾನು ನೋಡುವುದನ್ನು ಕಂಡು ನೀನು ಸೆರಗು ಎಳೆದುಕೊಂಡೆ. ಆಮೇಲೆ ಹೇಳಿದೆ: “ನಿಮ್ಮತ್ತಿ ಹೋದ್ರಂತ. ಸುದ್ದಿ ಬಂದಿತ್ರಿ. ಮಣ್ಣಿಗೆ ಬರಾಕ ಮನಸ್ಸು ಬರಲಿಲ್ಲ ಸುಮಕ್ಕ. ತಪ್ಪು ತಿಳ್ಕೋಬ್ಯಾಡ್ರಿ.” ನನ್ನ ಹತ್ತಿರ, ಯಾರ ಹತ್ತಿರವೋ ಅಲ್ಲ, ನನ್ನ ಹತ್ತಿರ ಕ್ಷಮೆ ಕೇಳಿದೆ. ನಾನು ಇರಲಿ ಬಿಡು ಎಂದೆ! ನಾಲಿಗೆಗೆ ಎಲುಬಿಲ್ಲ ಎನ್ನುತ್ತಾರೆ. ನನ್ನದಕ್ಕೆ ನಾಚಿಕೆಯೂ ಇಲ್ಲ. ಬಸ್ಸು ಬಂತು, ನೀನು ಹತ್ತಿದೆ.

ಆ ಕೆಲಸ ನಿನಗೆ ಸಿಕ್ಕೇ ಸಿಗುತ್ತಿತ್ತು ಎಂದು ಯಾರು ಬಲ್ಲರು ಅಂತ ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಅವರ ಆ ನಗು ಕೇಳಿದವಳು ನಾನೇ. ಸಿಗುತ್ತಿತ್ತು. ಸಿಗುತ್ತದೆಂದು ಗೊತ್ತಾದದ್ದಕ್ಕೇ ಎದ್ದೆ.

ಮೊದಲು ನಿಮ್ಮವ್ವನ ಮನೆಗೆ ಹೋಗುತ್ತೇನೆ, ಕಿಂಡಿಯ ಹತ್ತಿರ ಅಲ್ಲ, ಬಾಗಿಲಿಗೆ. ಗಿರಣಿಯಲ್ಲಿ ಕೇಳಿದವರೆಲ್ಲ ಕೇಳಲಿ. ಆಮೇಲೆ ಇಟ್ಟಿಗಿಗೆ ಬಂದು ನಿನ್ನ ಮುಂದೆ ನಿಂತು ಹೇಳುತ್ತೇನೆ. ನೀನು ಅಲ್ಲಿಂದ ಎದ್ದು ಬರುವುದಾದರೆ ಮಗಳ ಜೊತೆ ನಮ್ಮ ಮನೆಗೇ ಬಾ. ನನ್ನ ಮುಖ ನೋಡದಿದ್ದರೂ ಸೈ, ಬಾ. ಬಾರದಿದ್ದರೂ ನಿನ್ನ ಇಷ್ಟ. ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಇಷ್ಟು ವರ್ಷ ಅತ್ತೆಯ ಮೇಲೆ ಇಟ್ಟುಕೊಂಡ ಸಿಟ್ಟನ್ನು ಮಾತ್ರ ಅವರ ಮೇಲಿನಿಂದ ಇಳಿಸು, ಪೂರ್ತಿ ತೆಗೆದು ನನ್ನ ಮೇಲೆ ಹಾಕು.

ಅವರು ಹೂಂ ಅಂದಿದ್ದರು, ನೇತ್ರಾ.